ಹುಣಸೆ ಬೀಜದ ಪೋಕರ್

ಲೋಹಿತ ಆಶ್ರಮದ ಬೇಲಿ ದಾಟಿ ಬಂದಾಗ ಅವನ ಎರಡೂ ಕಿವಿಯ ಮೇಲೆ ಕರಿ ಬಟ್ಟಲು ಮಗುಚಿದ ಹಾಗೆ ಹೆಡ್‌ಫೋನ್ ಕೂತಿತ್ತು.

ಅಡುಗೆಯ ದೊಡ್ಡತಾಯಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಯಾರು ಬೇಕಪ್ಪ ಎಂದು ಕೇಳಿದರು. ಅವನು ತಲೆಯಾಡಿಸಿ ನಕ್ಕ. ಯಾವ ಊರು ಎಂದರು. ಅದಕ್ಕೂ ತಲೆಯಾಡಿಸಿ ನಕ್ಕ. ಮೂರನೇ ಸಲ ಅವರೇ ಎದ್ದು ಬಂದು ಅವನ ಕಿವಿಯ ಕಡೆ ಬೆರಳು ತೋರಿಸಿದರು.

ಲೋಹಿತ ಹೆಡ್‌ಫೋನನ್ನು ಕತ್ತಿಗೆ ಇಳಿಸಿದ.

“ಕಿವಿ ಸೋರ್ತದಾ ಮಗ? ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕೊಡ್ಲಾ?”

ಇಲ್ಲಮ್ಮ, ಹಾಡು ಕೇಳುತ್ತಿದ್ದೆ ಎಂದ ಲೋಹಿತ. ಗುರುಗಳನ್ನು ನೋಡಬೇಕಿತ್ತು ಎಂದ.

ಬಿಳಿಗಿರಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಮೂವತ್ತು ವರ್ಷ ಊರೂರು ತಿರುಗಿ ಕಂಸಾಳೆ ಬಡಿದು ಕುಣಿದವರು ಅವರು. ಮಂಡಿ ನೋವು ಹಿಡಿದ ಮೇಲೆ ಈ ದಂಡೆಯಲ್ಲಿ ಎರಡು ಕೋಣೆ ಕಟ್ಟಿಕೊಂಡು ಕೂತರು. ಅದನ್ನು ಆಶ್ರಮ ಅಂತ ಕರೆದವರು ಬಂದುಹೋಗುವ ಜನ. ಮನಸ್ಸು ಒಂದು ಕಡೆ ನಿಲ್ಲದವರು ಬಿಳಿಗಿರಯ್ಯನ ಹತ್ತಿರ ನಾಲ್ಕು ದಿನ ಇದ್ದು ಬಂದರೆ ನಿಲ್ಲುತ್ತದೆ ಎಂಬ ಮಾತು ಸುತ್ತಮುತ್ತ ಹಬ್ಬಿತ್ತು.

ಲೋಹಿತ ಕಾಲಿಗೆರಗಿ ತನ್ನ ಸಂಗತಿ ಹೇಳಿಕೊಂಡ.

ಅವನು ಇಸ್ಪೀಟಿನಲ್ಲಿ ಪೋಕರ್ ಆಡುವವನು. ಅದೇ ಅವನ ಉದ್ಯೋಗ. ಮೇಜಿನ ಮುಂದೆ ಹತ್ತು ಗಂಟೆ ಹೊತ್ತು ಕೂರಬೇಕು. ಹಾಡಿಲ್ಲದೆ ಕೂರಲು ಅವನಿಗೆ ಆಗದು. ಒಳ್ಳೆಯ ಎಲೆಗೆ ಕಾಯುವಾಗ ಒಂದು ಹಾಡು, ಎದುರಾಳಿಯ ಮೇಲೆ ಬೀಳುವಾಗ ಒಂದು, ಸೋತ ಕೂಡಲೇ ಸಮಾಧಾನಕ್ಕೆ ಇನ್ನೊಂದು. ಎಲ್ಲ ಪಟ್ಟಿ ಮಾಡಿ ಫೋನಿನಲ್ಲಿ ಇಟ್ಟುಕೊಂಡಿದ್ದ. ಮೊದಮೊದಲು ಗೆದ್ದ. ಈಗ ಎಂಟು ತಿಂಗಳಿಂದ ಕೂತಲ್ಲೆಲ್ಲ ಸೋಲು. ಮುಂದಿನ ತಿಂಗಳು ಗೋವಾದಲ್ಲಿ ದೊಡ್ಡ ಪಂದ್ಯವಿತ್ತು. ಅಲ್ಲೂ ಹೀಗೇ ಆದರೆ ಆಟ ಬಿಟ್ಟು ಬೇರೆ ಕೆಲಸ ಹುಡುಕುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟಿದ್ದ.

“ನೀವು ತಾಳದಲ್ಲೇ ಬಾಳಿದವರು ಗುರುಗಳೇ. ಯಾವ ಹಾಡು ಕೇಳಿದ್ರೆ ಆಟ ಮತ್ತೆ ಕೈಗೆ ಹತ್ತುತ್ತೆ, ಹೇಳಿ.”

ಬಿಳಿಗಿರಯ್ಯನವರು ಪಂಚೆಯನ್ನು ಬೇಲಿಯ ಮೇಲೆ ಹರವಿದರು.

“ನಂಗೆ ಆ ಆಟ ಬರಲ್ಲ. ಮೊದಲು ನೀನು ಕಲಿಸಿಕೊಡು.”

ಹಾಗೆ, ಶಿಷ್ಯನಾಗಲು ಬಂದ ಲೋಹಿತ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮೇಷ್ಟ್ರಾಗಿ ಚಾಪೆಯ ಮೇಲೆ ಕೂತಿದ್ದ.

ದೊಡ್ಡತಾಯಮ್ಮ ಹುಣಸೆ ಬೀಜ ತಂದು ಮೂರು ಪಾಲು ಮಾಡಿದರು. ಆಟ ಮುಗಿದ ಮೇಲೆ ಅಷ್ಟನ್ನೂ ವಾಪಸು ಕೊಡಬೇಕು, ಹುರಿಯುವುದಕ್ಕೆ ಬೇಕು ಎಂದು ಕರಾರು ಹಾಕಿ ತಾವೂ ಕೂತರು.

ಲೋಹಿತ ಬಿಡಿಸಿ ಹೇಳಿದ. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಯಾರಿಗೂ ತೋರಿಸಬಾರದು. ನಡುವೆ ಐದು ಎಲೆ, ಅವು ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಆಮೇಲೆ ಒಂದೊಂದಾಗಿ ಬೀಳುತ್ತವೆ. ತನ್ನ ಎಲೆ ಚೆನ್ನಾಗಿದೆ ಎನ್ನಿಸಿದವನು ಬೀಜ ಮುಂದೆ ಇಡುತ್ತಾನೆ. ಉಳಿದವರು ಅಷ್ಟೇ ಬೀಜ ಇಡಬೇಕು, ಇಲ್ಲವೇ ಎಲೆ ಬಿಡಬೇಕು. ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎಂದು ನಂಬಿಸಿ ಎಲ್ಲರೂ ಎಲೆ ಬಿಡುವಂತೆ ಮಾಡಬಹುದು. ಅದೇ ಆಟದ ಜೀವ.

ಬಿಳಿಗಿರಯ್ಯನವರಿಗೆ ರಾಜ ದೊಡ್ಡದೋ ರಾಣಿ ದೊಡ್ಡದೋ ಎಂಬುದೇ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ನಾಲ್ಕು ಸಲ ಕೇಳಿದರು. ರಾಣಿಯೇ ದೊಡ್ಡದು, ಅವಳಿಲ್ಲದೆ ಮನೆ ನಡೆಯುತ್ತದಾ ಎಂದು ದೊಡ್ಡತಾಯಮ್ಮ ವಾದ ಹೂಡಿದರು.

ಲೋಹಿತನಿಗೆ ಒಳಗೊಳಗೇ ನಗು. ಹೆಡ್‌ಫೋನ್ ಏರಿಸಿಕೊಂಡು, ಕಾಯುವ ಹಾಡು ಹಾಕಿಕೊಂಡು ಆಡಲು ಕೂತ.

ಅರ್ಧ ಗಂಟೆಯಲ್ಲಿ ಅವನ ಬೀಜವೆಲ್ಲ ಬಿಳಿಗಿರಯ್ಯನವರ ಮುಂದಿತ್ತು.

ಅವನು ನಿಜವಾಗಿ ಒಳ್ಳೆಯ ಎಲೆ ಹಿಡಿದಾಗ ಅವರು ಮೆಲ್ಲಗೆ ತಮ್ಮ ಎಲೆ ಬಿಟ್ಟುಬಿಡುತ್ತಿದ್ದರು. ಅವನು ಬರಿಗೈಯಲ್ಲಿ ಹೆದರಿಸಲು ಹೋದಾಗ ತಮ್ಮ ರಾಶಿಯನ್ನೇ ಮುಂದೆ ನೂಕುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ.

“ಎಲೆಯ ಬೆಲೆಯೇ ಗೊತ್ತಿಲ್ಲ ನಿಮಗೆ. ಹೇಗೆ ಗೆದ್ರಿ?”

“ಎಲೆ ನೋಡಲಿಲ್ಲ ನಾನು. ನಿನ್ನ ಕಾಲಿನ ಹೆಬ್ಬೆರಳು ನೋಡ್ತಿದ್ದೆ. ಹಾಡಿಗೆ ತಾಳ ಹಾಕ್ತಾ ಇರುತ್ತೆ. ನೀನು ಸುಳ್ಳಿಗೆ ಕೈ ಹಾಕಿದ ತಕ್ಷಣ ನಿಂತುಬಿಡುತ್ತೆ.”

ಲೋಹಿತ ತನ್ನ ಹೆಬ್ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದ. ಎಷ್ಟು ಮೇಜಿನ ಮುಂದೆ, ಎಷ್ಟು ತಿಂಗಳಿಂದ ಇದು ತನ್ನ ಗುಟ್ಟು ಬಿಟ್ಟುಕೊಡುತ್ತಿತ್ತೋ ಎಂದು ಅವನಿಗೆ ಬೆವರು ಬಂತು.

ಮರುದಿನ ಕಾಲನ್ನು ಗಟ್ಟಿಯಾಗಿ ಮಡಚಿ ಅದರ ಮೇಲೇ ಕೂತ. ತಾಳ ಹಾಕಲು ಬೆರಳಿಗೆ ಜಾಗವೇ ಇರಲಿಲ್ಲ. ಬಿರುಸಿನ ಹಾಡೊಂದನ್ನು ಹಾಕಿಕೊಂಡ.

ಆವತ್ತು ಅವನನ್ನು ಸೋಲಿಸಿದ್ದು ದೊಡ್ಡತಾಯಮ್ಮ. ಅವರೇನೂ ಗುಟ್ಟು ಮಾಡಲಿಲ್ಲ. ಹಾಡು ಜೋರಾದಾಗ ನಿನ್ನ ಕತ್ತಿನ ನರ ಕುಣಿಯುತ್ತೆ, ಆಗ ಎಲೆ ಹೇಗಿದ್ದರೂ ಬೀಜ ಸುರಿತೀಯ, ಒಳ್ಳೆ ಎಲೆ ಹಿಡ್ಕೊಂಡು ಹಾಡು ಜೋರಾಗೋವರೆಗೂ ಕಾದೆ ಅಷ್ಟೆ ಎಂದರು. ಅಷ್ಟು ಹೇಳಿ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಒಲೆಯ ಕಡೆ ಹೋದರು.

ಮೂರನೆಯ ದಿನ ಲೋಹಿತ ತಾಳವೇ ಇಲ್ಲದ ಕೊಳಲಿನ ಆಲಾಪ ಹಾಕಿಕೊಂಡ. ಕತ್ತು ಕುಣಿಯಲಿಲ್ಲ, ಬೆರಳು ಅಲ್ಲಾಡಲಿಲ್ಲ. ಮನಸ್ಸು ಹೊಳೆಯ ನೀರಿನ ಹಾಗೆ ತಣ್ಣಗಾಯಿತು. ತಣ್ಣಗಾದ ಮನಸ್ಸಿಗೆ ಎಲ್ಲ ಎಲೆಯೂ ಚೆಂದವಾಗಿಯೇ ಕಂಡಿತು. ಎರಡರ ಎಲೆಯನ್ನೂ ಬಿಡಲಿಲ್ಲ, ಮೂರರ ಎಲೆಯನ್ನೂ ಬಿಡಲಿಲ್ಲ, ಯಾರು ಎಷ್ಟಿಟ್ಟರೂ ತಾನೂ ಅಷ್ಟಿಟ್ಟ. ಕೊನೆಯ ಬೀಜ ಹೋದಾಗಲೂ ಅವನ ಮುಖದಲ್ಲಿ ಮಂದಹಾಸವಿತ್ತು.

“ಹಾಡು ಒಳ್ಳೇದು,” ಎಂದರು ಬಿಳಿಗಿರಯ್ಯನವರು, ಬೀಜ ಬಾಚಿಕೊಳ್ಳುತ್ತಾ.

ನಾಲ್ಕನೆಯ ದಿನ ಅವನು ಹೆಡ್‌ಫೋನನ್ನು ಕೋಣೆಯಲ್ಲೇ ಬಿಟ್ಟು ಬಂದ.

ಕಾಗೆ ಕೂಗಿತು. ಕುಕ್ಕರ್ ಸೀಟಿ ಹಾಕಿತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಒಂದೊಂದು ಏಟೂ ಅವನ ನೆತ್ತಿಯ ಮೇಲೇ ಬಿದ್ದಂತಾಯಿತು. ಬಿಳಿಗಿರಯ್ಯನವರು ಉಸಿರು ಎಳೆದರೆ ಏನೋ ಅರ್ಥ ಇರಬೇಕು ಎನ್ನಿಸಿತು. ದೊಡ್ಡತಾಯಮ್ಮ ಬಳೆ ಸರಿಸಿಕೊಂಡರೆ ಬೆದರಿದ. ಅಂಗೈ ಬೆವೆತು ಎಲೆ ಅಂಟಿಕೊಂಡಿತು.

ಆವತ್ತು ಅವನು ಎಲ್ಲ ದಿನಕ್ಕಿಂತ ಬೇಗ ಸೋತ.

ಹಾಡಿದ್ದರೂ ಸೋಲು, ಇಲ್ಲದಿದ್ದರೂ ಸೋಲು, ಇನ್ನು ಇಲ್ಲಿದ್ದು ಏನು ಮಾಡಲಿ ಎಂದು ಎಲೆಗಳನ್ನು ಚಾಪೆಯ ಮೇಲೆ ಕುಕ್ಕಿದ.

ಬಿಳಿಗಿರಯ್ಯನವರು ಸೌತೆಕಾಯಿ ಹೆಚ್ಚುತ್ತಿದ್ದರು. ಒಂದು ಹೋಳಿಗೆ ಉಪ್ಪು ಸವರಿ ಅವನ ಕೈಗಿಟ್ಟರು.

“ಒಂದು ಕೇಳ್ತೀನಿ. ಅದನ್ನ ಮೊಟ್ಟಮೊದಲು ಕಿವಿಗೆ ಹಾಕ್ಕೊಂಡಿದ್ದು ಹಾಡು ಕೇಳೋಕಾ? ಇಲ್ಲಾ, ಬೇರೆ ಏನನ್ನೋ ಕೇಳದೇ ಇರೋಕಾ?”

ಲೋಹಿತ ಹೋಳನ್ನು ಬಾಯಿಗೆ ಇಡಲಿಲ್ಲ. ಹೊಳೆಯ ಕಡೆ ನೋಡುತ್ತಾ ಹೇಳಿದ.

ಅವನಿಗೊಬ್ಬ ಗೆಳೆಯನಿದ್ದ, ಅರ್ಕೇಶ. ಕಾಲೇಜಿನ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಮಂಚದ ಮೇಲೆ ಕೂತು ಈ ಆಟ ಕಲಿತವರು. ಅರ್ಕೇಶ ಬಾಯಿ ಮುಚ್ಚುವವನೇ ಅಲ್ಲ. ಆಡುತ್ತಾ ಎದುರಿದ್ದವನ ಅಂಗಿಯ ಬಗ್ಗೆ, ಮೂಗಿನ ಬಗ್ಗೆ, ಬೆಳಗಿನ ತಿಂಡಿಯ ಬಗ್ಗೆ ಏನಾದರೂ ಹೇಳುತ್ತಲೇ ಇರುತ್ತಿದ್ದ. ಅವನ ಮಾತಿಗೆ ನಗುತ್ತಾ ಲೋಹಿತ ಆಟ ಮರೆಯುತ್ತಿದ್ದ. ಒಂದು ಸಲವೂ ಅವನನ್ನು ಗೆದ್ದದ್ದಿಲ್ಲ.

ಎರಡು ವರ್ಷದ ಹಿಂದೆ ಒಂದು ದೊಡ್ಡ ಪಂದ್ಯದ ಕೊನೆಗೆ ಇಬ್ಬರೇ ಉಳಿದರು. ಆವತ್ತು ಲೋಹಿತ ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೂತ. ಅರ್ಕೇಶನ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಲೋಹಿತ ಗೆದ್ದ.

ಅರ್ಕೇಶ ಎದ್ದು, ಕೈ ಕುಲುಕಿ, ಏನೋ ಹೇಳಿದ. ಹಾಡು ಇನ್ನೂ ಕಿವಿಯಲ್ಲಿ ಮೊಳಗುತ್ತಿತ್ತು. ಲೋಹಿತ ತಲೆಯಾಡಿಸಿ ನಕ್ಕ. ಅರ್ಕೇಶ ಹೊರಗೆ ಹೋದ. ಆಮೇಲೆ ಅವನಿಂದ ಫೋನೂ ಇಲ್ಲ, ಸುದ್ದಿಯೂ ಇಲ್ಲ. ಸ್ವಲ್ಪ ದಿನಕ್ಕೆ ಅವನು ಆಟವನ್ನೇ ಬಿಟ್ಟನೆಂದು ಯಾರೋ ಹೇಳಿದರು.

“ಏನಂದ ಅವನು?” ಕೇಳಿದರು ಬಿಳಿಗಿರಯ್ಯನವರು.

“ಗೊತ್ತಿಲ್ಲ.”

“ಎರಡು ವರ್ಷದಿಂದ ಏನು ಅಂದಿರಬಹುದು ಅಂದ್ಕೊಂಡಿದ್ದೀಯ?”

ನನ್ನ ಮಾತಿಗೆ ಕಿವಿ ಮುಚ್ಚಿಕೊಂಡು ಗೆದ್ದೆಯಲ್ಲ, ನೀನೂ ಒಬ್ಬ ಗೆಳೆಯನಾ ಅಂತ ಅಂದಿರಬೇಕು ಎಂದ ಲೋಹಿತ. ಅದಕ್ಕಿಂತ ಕೆಟ್ಟದ್ದೂ ಇರಬಹುದು ಎಂದ. ಅದಕ್ಕೇ ಕೇಳಲು ಹೋಗಲಿಲ್ಲ.

“ನಾಳೆ ಬೆಳಿಗ್ಗೆ ಆರೂವರೆಗೆ ಬಸ್ಸಿದೆ,” ಎಂದರು ಬಿಳಿಗಿರಯ್ಯನವರು. “ಹೋಗಿ ಕೇಳ್ಕೊಂಡು ಬಾ.”

ಅರ್ಕೇಶ ಕೊಳ್ಳೇಗಾಲದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಲೋಹಿತ ಹೋದಾಗ ಅವನು ಒಬ್ಬ ಹೆಂಗಸಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದ. ಮೂರನೇ ಸಾಲು ಓದಿ ಅಮ್ಮ ಎಂದವನು ಬಾಗಿಲ ಕಡೆ ತಿರುಗಿ ಹಾಗೇ ನಿಂತ. ಆಮೇಲೆ ಏನೂ ಆಗದವನಂತೆ ನಾಲ್ಕನೇ ಸಾಲು ಎಂದ. ಹೆಂಗಸು ಓದಿ ಮುಗಿಸಿ, ಫ್ರೇಮು ಆರಿಸಿ, ಚೀಟಿ ಬರೆಸಿಕೊಂಡು ಹೋಗುವ ತನಕ ಲೋಹಿತ ಹೊಸ್ತಿಲ ಆಚೆಗೇ ನಿಂತಿದ್ದ.

“ಎರಡು ವರ್ಷದ ಮೇಲೆ ಕಣ್ಣು ಪರೀಕ್ಷೆಗೆ ಬಂದ್ಯಾ?” ಎಂದ ಅರ್ಕೇಶ. ದನಿಯಲ್ಲಿ ನಗುವಿರಲಿಲ್ಲ.

“ಆವತ್ತು ನೀನು ಎದ್ದು ಹೋಗೋವಾಗ ಏನೋ ಹೇಳಿದೆ. ಅದೇನು ಅಂತ ಕೇಳೋಕೆ ಬಂದೆ.”

“ತಲೆ ಆಡಿಸಿದೆಯಲ್ಲ.”

“ಕೇಳಿಸಲಿಲ್ಲ ಕಣೋ. ಹಾಡು ಜೋರಾಗಿತ್ತು. ಸುಮ್ನೆ ಆಡಿಸಿದೆ.”

ಅರ್ಕೇಶ ಕೈಲಿದ್ದ ಕನ್ನಡಕವನ್ನು ಒರೆಸುತ್ತಲೇ ಇದ್ದ. ಅದು ಆಗಲೇ ಚೊಕ್ಕವಾಗಿತ್ತು.

“ಹೊಟ್ಟೆ ಹಸಿದು ಸಾಯ್ತಿದೀನಿ, ಎದುರಿನ ಹೋಟೆಲಲ್ಲಿ ಕೂತಿರ್ತೀನಿ, ಗೆದ್ದೋನು ನೀನೇ ಕೊಡಿಸಬೇಕು, ಬೇಗ ಬಾ ಅಂದೆ.”

ಎರಡು ಮಸಾಲೆ ದೋಸೆ ಹೇಳಿ ಕಾದೆ ಎಂದ ಅರ್ಕೇಶ. ಒಂದು ಗಂಟೆ ಕಾದ. ಲೋಹಿತನ ದೋಸೆ ಆರಿ ಒದ್ದೆ ಬಟ್ಟೆಯ ಹಾಗಾಯಿತು. ಅದನ್ನೂ ತಾನೇ ತಿಂದ. ಗೆದ್ದವನಿಗೆ ಸೋತವನ ಜೊತೆ ಕೂತು ತಿನ್ನಲು ಪುರುಸೊತ್ತಿಲ್ಲ ಎಂದುಕೊಂಡು ಬಸ್ಸು ಹತ್ತಿದ. ಆಟ ಬಿಟ್ಟಿದ್ದು ಸೋತದ್ದಕ್ಕಲ್ಲ. ಎದುರಿಗೆ ಕೂತು ನಗುವವನು ಇಲ್ಲದ ಮೇಲೆ ಅದು ಬೇಜಾರಾಯಿತು, ಅಷ್ಟೆ.

ಅರ್ಕೇಶ ಬೆನ್ನು ತಿರುಗಿಸಿ ಕನ್ನಡಕವನ್ನು ಗೂಡಿನಲ್ಲಿ ಇಟ್ಟ. ಅವನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾನೆಂದು ಲೋಹಿತ ಹತ್ತಿರ ಹೋದ. ಅವನು ನಗುತ್ತಿದ್ದ.

“ಎರಡು ದೋಸೆ ಕಣೋ. ಆವತ್ತೆಲ್ಲ ಹೊಟ್ಟೆ ಉಬ್ಬರ.”

ಅಂಗಡಿಗೆ ಬೀಗ ಹಾಕಿ ಇಬ್ಬರೂ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ನಡೆದರು. ದಾರಿಯುದ್ದಕ್ಕೂ ಅರ್ಕೇಶ ಮಾತಾಡಿದ. ಲೋಹಿತ ಒಂದೊಂದು ಮಾತನ್ನೂ ಕೇಳಿಸಿಕೊಂಡ.

ಮುಂದಿನ ಭಾನುವಾರ ಅರ್ಕೇಶನೂ ಆಶ್ರಮಕ್ಕೆ ಬಂದ. ಚಾಪೆಯ ಮೇಲೆ ಈಗ ನಾಲ್ಕು ಪಾಲು ಬೀಜ. ಅರ್ಕೇಶ ದೊಡ್ಡತಾಯಮ್ಮನ ಸಾರಿನ ಬಗ್ಗೆ, ಬಿಳಿಗಿರಯ್ಯನವರ ಮೀಸೆಯ ಬಗ್ಗೆ, ಹೊಳೆಯಲ್ಲಿ ಮುಳುಗೆದ್ದ ಎಮ್ಮೆಯ ಬಗ್ಗೆ ಮಾತಾಡುತ್ತಲೇ ಎಲೆ ಹಿಡಿದ.

ಮೊದಲ ನಾಲ್ಕು ಸುತ್ತು ಲೋಹಿತ ಸೋತ. ಬೇಜಾರಾಗಲಿಲ್ಲ. ನಗುತ್ತಿದ್ದ.

ಐದನೇ ಸುತ್ತಿನಲ್ಲಿ ಅವನ ಕೈಗೆ ಎರಡು ರಾಜ ಬಂತು. ಅರ್ಕೇಶ ಎಮ್ಮೆಯ ಕತೆಯನ್ನು ಅರ್ಧಕ್ಕೆ ಬಿಟ್ಟು ಕುಂಬಳಕಾಯಿಯ ಕತೆ ಶುರು ಮಾಡಿ ಬೀಜ ಇಟ್ಟ. ನಡುವೆ ಒಂದು ಎಕ್ಕ ಬಿತ್ತು. ಕುಂಬಳಕಾಯಿಯೂ ಅರ್ಧಕ್ಕೇ ನಿಂತು ಅವನ ಸೋದರಮಾವನ ಕತೆ ಬಂತು.

ಲೋಹಿತನ ಕೈ ಬೀಜದ ಮೇಲೆಯೇ ನಿಂತಿತು. ಬರಿಗೈ ಇದ್ದಾಗಲೆಲ್ಲ ಅರ್ಕೇಶ ಕತೆಯನ್ನು ನೀಟಾಗಿ ಮುಗಿಸುತ್ತಿದ್ದ. ಎಲೆ ಒಳ್ಳೆಯದಿದ್ದರೆ ಮಾತ್ರ ಅವನಿಗೆ ಕತೆಯ ತುದಿ ಸಿಗುತ್ತಿರಲಿಲ್ಲ. ಹಾಸ್ಟೆಲಿನ ದಿನದಿಂದಲೂ ಅದು ಹಾಗೇ ಇದ್ದಿರಬೇಕು.

ಲೋಹಿತ ಎರಡು ರಾಜರನ್ನೂ ಮಗುಚಿ ಕೆಳಗಿಟ್ಟ.

ಅರ್ಕೇಶ ಮಾತು ನಿಲ್ಲಿಸಿ ಅವನನ್ನು ನೋಡಿದ. ತನ್ನ ಎಲೆಗಳನ್ನು ತಿರುಗಿಸಿದ. ಒಂದು ಎಕ್ಕ, ಅದರ ಪಕ್ಕದಲ್ಲಿ ಇನ್ನೊಂದು ಎಕ್ಕ.

“ಹೇಗೆ ಗೊತ್ತಾಯ್ತು?”

“ನಿಮ್ಮ ಸೋದರಮಾವ ಹೇಳಿದ್ರು,” ಎಂದ ಲೋಹಿತ. ಬಿಳಿಗಿರಯ್ಯನವರು ಚಾಪೆ ತಟ್ಟಿ ನಕ್ಕರು.

ಗೋವಾಕ್ಕೆ ಅವನು ಬರಿ ಕಿವಿಯಲ್ಲಿ ಹೋದ. ಜೊತೆಗೆ ಅರ್ಕೇಶನೂ ಹೋದ, ಆಡಲು ಅಲ್ಲ, ನೋಡಲು. ವಾಪಸು ಬಂದ ದಿನ ನೇರ ಆಶ್ರಮಕ್ಕೇ ಬಂದರು. ಪಂದ್ಯದಲ್ಲಿ ಲೋಹಿತ ನಾಲ್ಕನೆಯವನಾಗಿದ್ದ. ಕೊನೆಯ ಎಲೆ ಕೈಕೊಟ್ಟಿತು, ಅದಕ್ಕೆ ಯಾರೇನು ಮಾಡಲಾಗುತ್ತದೆ ಎಂದ. ಅದನ್ನು ಹೇಳಿದ್ದು ಒಂದೇ ಮಾತಿನಲ್ಲಿ. ಆಮೇಲೆ ಒಂದು ಗಂಟೆ ಹೊತ್ತು ಮೇಜಿನ ಸುತ್ತ ಕೂತಿದ್ದವರ ಬಗ್ಗೆ ಹೇಳಿದ. ಸುಳ್ಳಾಡುವ ಮುಂಚೆ ತಪ್ಪದೆ ದೇವರನ್ನು ನೆನೆಯುತ್ತಿದ್ದ ಕಾರವಾರದ ಮೀನು ವ್ಯಾಪಾರಿ. ಗೆದ್ದಾಗಲೆಲ್ಲ ಎದುರಿನವನಿಗೆ ಕ್ಷಮೆ ಕೇಳುತ್ತಿದ್ದ ನಿವೃತ್ತ ಟೀಚರಮ್ಮ. ದೊಡ್ಡತಾಯಮ್ಮನಿಗೆ ಆ ಟೀಚರಮ್ಮನ ಮೇಲೆ ಬಹಳ ಪ್ರೀತಿ ಬಂತು.

ಮನೆಯವರು ಇನ್ನೊಂದು ವರ್ಷ ಆಡು ಎಂದಿದ್ದಾರೆ ಎಂದೂ ಹೇಳಿದ.

ಊಟವಾಯಿತು, ಚಾಪೆ ಹಾಸಿದರು, ಎಲೆ ಹಂಚಿದರು. ಲೋಹಿತ ಹೆಡ್‌ಫೋನನ್ನು ಚೀಲದಿಂದ ತೆಗೆದು ಗುರುಗಳ ಮುಂದಿಟ್ಟ.

“ಇನ್ನು ಹಾಡು ಕೇಳೋದು ಬಿಟ್ಟುಬಿಟ್ಟೆ ಗುರುಗಳೇ. ಇದು ಇಲ್ಲೇ ಇರಲಿ.”

ಬಿಳಿಗಿರಯ್ಯನವರು ಅದನ್ನು ಎತ್ತಿ, ಹಿಂದೆಮುಂದೆ ನೋಡಿ, ತಲೆಗೆ ಏರಿಸಿಕೊಂಡರು. ನೀನು ಅತಿ ಹೆಚ್ಚು ಕೇಳಿದ ಹಾಡು ಯಾವುದೋ ಅದನ್ನ ಹಾಕು ಎಂದರು.

ಲೋಹಿತ ಕಾಯುವ ಹಾಡನ್ನು ಹಾಕಿದ. ಎಲೆಗೆ ಕಾಯುತ್ತಾ ಎರಡು ವರ್ಷದಲ್ಲಿ ಅದನ್ನು ಸಾವಿರ ಸಲವಾದರೂ ಕೇಳಿದ್ದ.

ಗುರುಗಳು ಕಣ್ಣು ಮುಚ್ಚಿದರು. ಅವರ ಸರದಿ ಬಂತು. ದೊಡ್ಡತಾಯಮ್ಮ ಮೊಣಕೈಯಿಂದ ತಿವಿದರು. ಅವರು ಅಂಗೈ ಎತ್ತಿ ತಡೆದರು. ಅರ್ಕೇಶ ಕೂಡ ಮಾತು ನಿಲ್ಲಿಸಿದ. ಆರು ನಿಮಿಷ ಮೂವರೂ ಅವರ ಮುಖ ನೋಡುತ್ತಾ ಕೂತರು. ಆ ಮುಖದ ಮೇಲೆ ಏನೇನೋ ಬಂದು ಹೋಯಿತು.

ಹಾಡು ಮುಗಿಯಿತು. ಅವರು ಕಣ್ಣು ತೆರೆದರು.

“ಯಾರು ಹಾಡಿರೋದು ಇದನ್ನ?”

ಲೋಹಿತನಿಗೆ ಗೊತ್ತಿರಲಿಲ್ಲ.

“ಎರಡನೇ ಚರಣದಲ್ಲಿ ಆ ತಾಯಿಗೆ ನಗು ಬಂದುಬಿಟ್ಟಿದೆ. ತಡ್ಕೊಂಡು, ಹಾಗೇ ಹಾಡಿಕೊಂಡು ಹೋಗಿದ್ದಾಳೆ. ಯಾಕೆ ನಕ್ಕಳೋ.”

ಲೋಹಿತ ಹೆಡ್‌ಫೋನ್ ಇಸಿದುಕೊಂಡು ಎರಡನೇ ಚರಣ ಹಾಕಿ ಕೇಳಿದ. ಮೂರನೇ ಸಾಲಿನ ನಡುವೆ, ಒಂದು ಉಸಿರಿನಷ್ಟು ಜಾಗದಲ್ಲಿ, ಆ ನಗು ಇತ್ತು. ಒಂದು ಸಲವೂ ಅದು ಅವನ ಕಿವಿಗೆ ಬಿದ್ದಿರಲಿಲ್ಲ.

ಅವನು ಹೆಡ್‌ಫೋನನ್ನು ಮೆಲ್ಲಗೆ ಗುರುಗಳ ಕೈಗೆ ವಾಪಸು ಕೊಟ್ಟ.

ಬಿಳಿಗಿರಯ್ಯನವರು ತಮ್ಮ ಎರಡು ಎಲೆಗಳನ್ನು ಮಗುಚಿ ಪಕ್ಕಕ್ಕೆ ಸರಿಸಿದರು. ದೊಡ್ಡತಾಯಮ್ಮ ತಡೆಯಲಾರದೆ ತಿರುಗಿಸಿ ನೋಡಿದರು. ಎರಡೂ ರಾಣಿ. ಇಂಥ ಎಲೆ ಹಿಡಿದು ಯಾರಾದರೂ ಆಟ ಬಿಡುತ್ತಾರಾ ಎಂದು ಅವರಿಗೆ ಸಿಟ್ಟೇ ಬಂತು.

ಗುರುಗಳು ಹೆಡ್‌ಫೋನನ್ನು ಮತ್ತೆ ತಲೆಗೇರಿಸಿ, ಗೋಡೆಗೆ ಒರಗಿ, ಕಾಲು ಚಾಚಿಕೊಂಡರು.

“ಒಂದು ಸಲಕ್ಕೆ ಒಂದೇ ಕೇಳೋಕೆ ಬರೋದು ನಂಗೆ. ಈ ಸುತ್ತು ನೀವು ಆಡಿ. ಲೋಹಿತ, ಆ ಹಾಡು ಇನ್ನೊಂದು ಸಲ ಹಾಕು.”